ಜ್ವರ ಬಿಟ್ಟರೆ ಡಾಕ್ಟರ್ ಒಳ್ಳೆಯವರಾ?

ಹಾಸನದಲ್ಲಿ ಹೊಸದಾಗಿ ಮನೆ ಮಾಡಿದವರು ಅಕ್ಕಪಕ್ಕದವರನ್ನು ಮೊದಲು ಕೇಳುವುದು ಎರಡು ವಿಷಯ. ನೀರು ಯಾವ ದಿನ ಬಿಡುತ್ತಾರೆ? ಹತ್ತಿರದಲ್ಲಿ ಒಳ್ಳೆ ಡಾಕ್ಟರ್ ಯಾರಿದ್ದಾರೆ? ಮೊದಲನೆಯದಕ್ಕೆ ಉತ್ತರ ಎಲ್ಲರಿಗೂ ಗೊತ್ತು. ಎರಡನೆಯದಕ್ಕೂ ನಾವು ಅಷ್ಟೇ ಧೈರ್ಯವಾಗಿ ಉತ್ತರ ಹೇಳಿಬಿಡುತ್ತೇವೆ. "ಅವ್ರ ಕೈಗುಣ ಚೆನ್ನಾಗಿದೆ ಕಣ್ರೀ, ಒಂದೇ ಇಂಜೆಕ್ಷನ್‌ಗೆ ಜ್ವರ ಬಿಡುತ್ತೆ." "ಯಾವಾಗ ಹೋದ್ರೂ ಅಲ್ಲಿ ರಶ್ಶು, ಒಳ್ಳೆಯವರಲ್ದೆ ಇದ್ರೆ ಅಷ್ಟು ಜನ ಯಾಕೆ ಬರ್ತಾರೆ?" "ಮಾತು ಸ್ವಲ್ಪ ಒರಟು, ಆದ್ರೆ ಮಾತ್ರೆ ಪವರ್ ಇದೆ." ಇಷ್ಟರ ಮೇಲೆ ಒಂದು ಕುಟುಂಬ ತನ್ನ ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಹೋಗಿ ಒಂದು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂರುತ್ತದೆ. ಆಮೇಲೆ ವರ್ಷಗಟ್ಟಲೆ ಅಲ್ಲಿಗೇ ಹೋಗುತ್ತದೆ.

ಕೆಲವು ತಿಂಗಳ ಹಿಂದೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಆದಮೇಲೆ ಶಾಮಿಯಾನದ ಕೆಳಗೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಡಾಕ್ಟರುಗಳ ಮಾತು ಬಂತು. ನಮ್ಮಕ್ಕನ ಅತ್ತೆ ಒಬ್ಬ ಡಾಕ್ಟರ್ ಹೆಸರು ಹೇಳಿ, "ಅವ್ರ ಹತ್ರ ಮಾತ್ರ ಹೋಗ್ಬೇಡಿ. ನಮ್ಮ ಹುಡುಗನಿಗೆ ಜ್ವರ ಬಂದಾಗ ಬರೀ ಪ್ಯಾರಾಸಿಟಮಾಲ್ ಬರೆದು ಕಳಿಸಿದ್ರು. ಒಂದು ಸೂಜಿನೂ ಹಾಕ್ಲಿಲ್ಲ. ಆಮೇಲೆ ಮಗುನ ಅಡ್ಮಿಟ್ ಮಾಡೋ ಹಾಗಾಯ್ತು" ಅಂದರು. ಸುತ್ತ ಕೂತವರು ತಲೆ ಆಡಿಸಿದರು. ಯಾರೋ ಇನ್ನೊಬ್ಬ ಡಾಕ್ಟರ್ ಹೆಸರು ಹೇಳಿದರು. ಅಲ್ಲಿಗೆ ಒಬ್ಬರ ಮಾನ ಹೋಯಿತು, ಇನ್ನೊಬ್ಬರಿಗೆ ನಾಲ್ಕು ಮನೆ ಹೊಸದಾಗಿ ಸಿಕ್ಕಿತು.

ನನಗೆ ಸುಮ್ಮನಿರಲು ಆಗಲಿಲ್ಲ, ಆದರೆ ಹಿರಿಯರ ಮುಂದೆ ಜಾಸ್ತಿ ವಾದಿಸಲೂ ಆಗಲಿಲ್ಲ. ಯಾಕೆಂದರೆ ಆ ಜ್ವರದ ದಿನಗಳಲ್ಲಿ ನಾನೂ ಅವರ ಮನೆಯಲ್ಲಿದ್ದೆ. ನಾನು ಕಂಡ ಹಾಗೆ ಆ ಹುಡುಗ ಇವತ್ತು ಸ್ಕೂಲಿಗೆ ಹೋಗುತ್ತಿರುವುದಕ್ಕೆ ಅರ್ಧ ಕಾರಣ ಅದೇ ಡಾಕ್ಟರ್. ನಡೆದದ್ದು ಒಂದೇ, ಅದನ್ನು ಅಳೆದವರು ಬೇರೆ ಬೇರೆ. ಒಬ್ಬರ ಲೆಕ್ಕದಲ್ಲಿ ಅವರು ಫೇಲು, ಇನ್ನೊಬ್ಬರ ಲೆಕ್ಕದಲ್ಲಿ ಫಸ್ಟ್ ಕ್ಲಾಸ್. ಅವತ್ತಿನಿಂದ ಈ ವಿಷಯ ತಲೆಯಲ್ಲಿ ಕೊರೆಯುತ್ತಲೇ ಇದೆ.

ಆ ಮಳೆಗಾಲದ ಜ್ವರ

ಅದು 2024ರ ಜುಲೈ. ರಾಜ್ಯದಲ್ಲೆಲ್ಲ ಡೆಂಗಿ ಜೋರಾಗಿತ್ತು, ಹಾಸನ ಜಿಲ್ಲೆಯಲ್ಲಂತೂ ಮಕ್ಕಳ ಸಾವಿನ ಸುದ್ದಿ ಪೇಪರಿನಲ್ಲಿ ಬರುತ್ತಿತ್ತು. ಖಾಸಗಿ ಲ್ಯಾಬುಗಳು ಬಾಯಿಗೆ ಬಂದ ರೇಟು ಹೇಳಬಾರದೆಂದು ಸರ್ಕಾರ ಡೆಂಗಿ ಟೆಸ್ಟಿಗೆ 600 ರೂಪಾಯಿಯ ಮಿತಿ ಹಾಕಿದ್ದೂ ಆಗಲೇ. ಅಕ್ಕನ ಮಗನಿಗೆ ಜ್ವರ ಶುರುವಾದಾಗ ಎಲ್ಲರಿಗೂ ಎದೆ ಧಸಕ್ಕೆಂದಿತ್ತು. ನಾನು, ಅಕ್ಕ, ಅವನು ಮೂವರೂ ಆಟೋದಲ್ಲಿ ಹೋದೆವು.

ಆ ಡಾಕ್ಟರ್ ಹುಡುಗನ ಕಣ್ಣು ನೋಡಿದರು, ನಾಲಿಗೆ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಅಂಗೈ ಮುಟ್ಟಿ ಬಿಸಿ ಇದೆಯಾ ತಣ್ಣಗಿದೆಯಾ ನೋಡಿದರು. ಎಷ್ಟು ಹೊತ್ತಿಗೊಮ್ಮೆ ಉಚ್ಚೆ ಮಾಡುತ್ತಾನೆ ಅಂತ ಕೇಳಿದರು. ಅಕ್ಕ ತಡೆಯಲಾರದೆ, "ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕ್ಬಿಡಿ, ಜ್ವರ ತುಂಬಾ ಇದೆ" ಅಂದಳು. ಅದಕ್ಕೆ ಅವರು, "ಬೇಡಮ್ಮ. ಡೆಂಗಿ ಇರಬಹುದು ಅನ್ನೋ ಅನುಮಾನ ಇರುವಾಗ ಮಾಂಸಕ್ಕೆ ಸೂಜಿ ಚುಚ್ಚಬಾರದು, ನೋವಿನ ಮಾತ್ರೆನೂ ಕೊಡಬಾರದು. ರಕ್ತಸ್ರಾವದ ಭಯ ಇರುತ್ತೆ. ಪ್ಯಾರಾಸಿಟಮಾಲ್ ಕೊಡಿ, ನೀರು, ಎಳನೀರು, ಗಂಜಿ ಏನಾದರೂ ಕುಡೀತಾ ಇರಲಿ" ಅಂದರು. ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಆಮೇಲೆ ಆ ಚೀಟಿಯ ಹಿಂಬದಿ ತಿರುಗಿಸಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದರು: ಹೊಟ್ಟೆ ನೋವು. ನಿಲ್ಲದ ವಾಂತಿ. ವಸಡು ಮೂಗಿನಿಂದ ರಕ್ತ. ಮಂಪರು, ಇಲ್ಲವೇ ಸುಮ್ಮಸುಮ್ಮನೆ ಹಟ. ಕೈಕಾಲು ತಣ್ಣಗಾಗುವುದು. ಬರೆದಾದಮೇಲೆ ಪೆನ್ನಿನಿಂದ ಅದರ ಸುತ್ತ ಒಂದು ಗೆರೆ ಎಳೆದು, "ಜ್ವರ ಇದ್ದಾಗ ನನಗೆ ಅಷ್ಟು ಭಯ ಇಲ್ಲ. ಜ್ವರ ಬಿಟ್ಟ ಮೇಲಿನ ಎರಡು ದಿನ ಇದೆಯಲ್ಲ, ಆಗ ಹುಷಾರು. ಇದರಲ್ಲಿ ಒಂದು ಕಂಡ್ರೂ ನನ್ನ ಹತ್ರ ಬರ್ಬೇಡಿ, ಸೀದಾ ದೊಡ್ಡಾಸ್ಪತ್ರೆಗೆ ಹೋಗಿ, ರಾತ್ರಿಯಾದ್ರೂ ಸರಿ" ಅಂದರು.

ಜ್ವರ ಬಿಟ್ಟಿತು. ಮನೆಯಲ್ಲಿ ಎಲ್ಲರೂ ಉಸಿರು ಬಿಟ್ಟರು. ಅವನ ಅಜ್ಜಿ ದೇವರಿಗೆ ತುಪ್ಪದ ದೀಪ ಹಚ್ಚಿದರು. ಅದೇ ದಿನ ಸಂಜೆ ಹುಡುಗ ಹೊಟ್ಟೆ ಹಿಡಿದುಕೊಂಡು ಮಲಗಿದ, ಕುಡಿದ ನೀರೆಲ್ಲ ವಾಂತಿ ಮಾಡಿದ. "ಏನೋ ತಿಂದಿರ್ಬೇಕು, ಓಮದ ನೀರು ಕೊಡಿ" ಅನ್ನುವ ಮಾತು ಬಂತು. ಅಕ್ಕ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಚೀಟಿಯ ಹತ್ತಿರ ಹೋದವಳು ಅಲ್ಲೇ ನಿಂತು ಅವನ ಪಾದ ಮುಟ್ಟಿ ನೋಡು ಅಂತ ನನಗೆ ಹೇಳಿದಳು. ಪಾದ ತಣ್ಣಗಿತ್ತು. ಅರ್ಧ ಗಂಟೆಯಲ್ಲಿ ದೊಡ್ಡಾಸ್ಪತ್ರೆಯಲ್ಲಿದ್ದೆವು. ಅಡ್ಮಿಟ್ ಮಾಡಿಕೊಂಡು ಡ್ರಿಪ್ಸ್ ಹಾಕಿದರು, ರಾತ್ರಿಯೆಲ್ಲ ಬಂದು ಬಂದು ಬಿಪಿ ನೋಡಿದರು. ಹುಡುಗ ಸುಧಾರಿಸಿಕೊಂಡ.

ಡೆಂಗಿಯಲ್ಲಿ ರಕ್ತನಾಳದ ಒಳಗಿನ ನೀರಿನಂಶ ಹೊರಗೆ ಸೋರಲು ಶುರುವಾಗುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೇ. ಮೂರನೇ ದಿನದಿಂದ ಏಳನೇ ದಿನದ ಒಳಗೆ. ನಾವು ಯಾವುದನ್ನು ವಾಸಿಯಾಯಿತು ಅಂತ ತಿಳಿಯುತ್ತೇವೋ ಅದೇ ಅಪಾಯದ ಹೊತ್ತು. ಆ ಚೀಟಿಯ ಹಿಂಬದಿ ಇಲ್ಲದಿದ್ದರೆ ನಾವು ಓಮದ ನೀರು ಕೊಟ್ಟು ಬೆಳಗಾಗಲಿ ಅಂತ ಕಾಯುತ್ತಿದ್ದೆವು. ಇಷ್ಟಾದರೂ ಮನೆಯಲ್ಲಿ ಉಳಿದ ಮಾತು, "ಅವ್ರ ಹತ್ರ ಹೋಗಿಯೂ ಅಡ್ಮಿಟ್ ಮಾಡ್ಬೇಕಾಯ್ತು." ನನಗೆ ಇದರಲ್ಲಿ ಕೋಪಕ್ಕಿಂತ ದುಃಖವೇ ಜಾಸ್ತಿ. ಸರಿಯಾದ ಕೆಲಸ ಮಾಡಿದವರಿಗೆ ಊರಲ್ಲಿ ಕೆಟ್ಟ ಹೆಸರು ಬಂದರೆ, ಮುಂದಿನ ಸಲ ಅವರೂ ಸುಮ್ಮನೆ ಒಂದು ಸೂಜಿ ಹಾಕಿ ಕಳಿಸೋಣ ಅಂದುಕೊಳ್ಳುವುದಿಲ್ಲವಾ?

ವಾಸಿಯಾಗುವುದು ಯಾರ ಗುಣ?

ವೈದ್ಯಕೀಯ ಸೇವೆ ಚೆನ್ನಾಗಿದೆಯಾ ಇಲ್ಲವಾ ಅಂತ ಅಳೆಯುವುದು ಹೇಗೆ ಅನ್ನುವ ಬಗ್ಗೆ ಬಹಳ ಹಿಂದೆಯೇ ತಲೆ ಕೆಡಿಸಿಕೊಂಡವರು ಅವೆಡಿಸ್ ಡೊನಬೆಡಿಯನ್. ಬೈರೂತ್‌ನಲ್ಲಿ ಹುಟ್ಟಿ ಅಮೆರಿಕದ ಮಿಷಿಗನ್‌ನಲ್ಲಿ ಪಾಠ ಮಾಡಿದ ವೈದ್ಯರು. 1966ರಲ್ಲಿ ಅವರು ಬರೆದ ಒಂದು ಲೇಖನವನ್ನು ಇವತ್ತಿಗೂ ಈ ವಿಷಯದಲ್ಲಿ ಎಲ್ಲರೂ ಹಿಡಿದುಕೊಳ್ಳುತ್ತಾರೆ. ಅವರು ಹೇಳಿದ್ದು ಮೂರು ಕಡೆ ನೋಡಿ ಅಂತ. ಏನೇನು ಇದೆ: ಕಟ್ಟಡ, ಯಂತ್ರ, ಓದಿದ ಜನ. ಏನು ಮಾಡುತ್ತಾರೆ: ಕೇಳುವುದು, ಮುಟ್ಟಿ ನೋಡುವುದು, ಬರೆಯುವುದು, ಕಳಿಸಿಕೊಡುವುದು. ಕೊನೆಗೆ ಏನಾಯಿತು. ನಾವು ಹಾಸನದಲ್ಲಿ ಕೂತು ನೋಡುವುದು ಮೊದಲನೆಯದನ್ನು ಮತ್ತು ಕೊನೆಯದನ್ನು. ಎಸಿ ಇದೆಯಾ, ಜ್ವರ ಬಿಟ್ಟಿತಾ. ನಡುವಿನದ್ದು ನಮ್ಮ ಕಣ್ಣೆದುರಿಗೇ ನಡೆಯುತ್ತದೆ, ಅದನ್ನೇ ನೋಡುವುದಿಲ್ಲ.

ಕೊನೆಯದನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೇವೆ. ನಾವು ಕ್ಲಿನಿಕ್ಕಿಗೆ ಹೋಗುವ ಹೆಚ್ಚಿನ ತೊಂದರೆಗಳು ತಾವಾಗಿಯೇ ಹೋಗುವಂಥವು. ನೆಗಡಿ, ಗಂಟಲು ನೋವು, ಭೇದಿ, ಮೈಕೈ ನೋವಿನ ಜ್ವರ. ಕೆಮ್ಮನ್ನೇ ತೆಗೆದುಕೊಳ್ಳಿ. ಹಾಸನದ ಚಳಿಗೆ ಕೆಮ್ಮು ಹಿಡಿದರೆ ವಾರದಲ್ಲಿ ಹೋಗಬೇಕು ಅಂತ ನಮ್ಮ ನಿರೀಕ್ಷೆ. 2013ರಲ್ಲಿ ಅಮೆರಿಕದಲ್ಲಿ ಬಂದ ಒಂದು ಅಧ್ಯಯನದಲ್ಲಿ ಅಲ್ಲಿನ ಜನ ಕೂಡ ಏಳರಿಂದ ಒಂಬತ್ತು ದಿನ ಅಂತಲೇ ಹೇಳಿದ್ದರು. ನಿಜಕ್ಕೂ ಇಂಥ ಕೆಮ್ಮು ಉಳಿಯುವುದು ಸರಾಸರಿ 18 ದಿನ. ಈಗ ಲೆಕ್ಕ ಹಾಕಿ. ಮೊದಲ ವಾರ ಒಬ್ಬ ಡಾಕ್ಟರ್ ಹತ್ತಿರ ಹೋಗುತ್ತೇವೆ, ಕೆಮ್ಮು ಹೋಗುವುದಿಲ್ಲ. ಎರಡನೇ ವಾರ ಇನ್ನೊಬ್ಬರ ಹತ್ತಿರ ಹೋಗಿ ಆಂಟಿಬಯೋಟಿಕ್ ತಗೊಳ್ಳುತ್ತೇವೆ, ಹೋಗುತ್ತದೆ. ಮೊದಲನೆಯವರು ದಂಡ, ಎರಡನೆಯವರು ದೇವರು. ಅವರ ಜಾಗ ಅದಲುಬದಲಾಗಿದ್ದರೆ ಹೆಸರೂ ಅದಲುಬದಲಾಗುತ್ತಿತ್ತು. ವೈರಸ್ಸಿನಿಂದ ಬಂದ ನೆಗಡಿ ಕೆಮ್ಮಿಗೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ ಅನ್ನುವುದು ಈಗ ಎಲ್ಲರೂ ಕೇಳಿರುವ ಮಾತು. ಆ ಮಾತ್ರೆಪಟ್ಟಿಯ ಮೇಲೆ ಕೆಂಪು ಗೆರೆ ಇರುವುದೇ ಸುಮ್ನೆ ನುಂಗಬೇಡಿ ಅಂತ ಹೇಳಲಿಕ್ಕೆ.

ಇಂಜೆಕ್ಷನ್ ಕಥೆಯೂ ಅಷ್ಟೇ. ನೋವಿನ ಔಷಧಿಯ ಜೊತೆ ಸ್ವಲ್ಪ ಸ್ಟೀರಾಯ್ಡ್ ಸೇರಿಸಿ ಸೊಂಟಕ್ಕೆ ಚುಚ್ಚಿದರೆ ಜ್ವರ ಇಳಿಯುತ್ತದೆ, ಮೈ ಹಗುರಾಗುತ್ತದೆ, ಹಸಿವೂ ಆಗುತ್ತದೆ. ಕಾಯಿಲೆ ಮಾತ್ರ ಒಳಗೆ ತನ್ನ ಪಾಡಿಗೆ ತಾನು ಇರುತ್ತದೆ. ಆಲೂರಿನಿಂದಲೋ ಅರಕಲಗೂಡಿನಿಂದಲೋ ಬಸ್ಸಿನಲ್ಲಿ ಬಂದ ಕೂಲಿಯವರಿಗೆ ನಾಳೆ ಕೆಲಸಕ್ಕೆ ಹೋಗಲೇಬೇಕು. ಅವರು ಸೂಜಿ ಕೇಳುವುದನ್ನು ನಾನು ತಪ್ಪು ಅನ್ನುವುದಿಲ್ಲ. ಒಂದು ದಿನದ ಸಂಬಳ ಹೋದರೆ ಏನಾಗುತ್ತದೆ ಅಂತ ಅವರಿಗೇ ಗೊತ್ತು. ಆದರೆ ಕೇಳಿದ ತಕ್ಷಣ ಹಾಕುವವರನ್ನು ಒಳ್ಳೆ ಡಾಕ್ಟರ್ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇದು ಸಣ್ಣ ವಿಷಯ ಅಂತ ಯಾರಾದರೂ ಅಂದರೆ ಅವರಿಗೆ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ ನೇಮಿಸಿದ್ದ ಆಯೋಗದ 2018ರ ವರದಿಯನ್ನು ತೋರಿಸಬೇಕು. ನಮ್ಮಂಥ ದೇಶಗಳಲ್ಲಿ ವರ್ಷಕ್ಕೆ ಸುಮಾರು 50 ಲಕ್ಷ ಜನ ಸಾಯುವುದು ಆಸ್ಪತ್ರೆ ಸಿಗದೆ ಅಲ್ಲ, ಆಸ್ಪತ್ರೆಗೆ ಹೋದ ಮೇಲೆ ಸಿಕ್ಕ ಚಿಕಿತ್ಸೆ ಸರಿ ಇಲ್ಲದೆ ಅಂತ ಅದು ಹೇಳಿತು. ಡಾಕ್ಟರ್ ಹತ್ತಿರ ಹೋದೆವು, ಅಲ್ಲಿಗೆ ನಮ್ಮ ಕೆಲಸ ಮುಗಿಯಿತು ಅನ್ನುವ ಹಾಗಿಲ್ಲ.

ಸ್ವೆಟರ್ ಮೇಲೆ ಬಿಪಿ

ಅಮ್ಮನಿಗೆ ಬಿಪಿ, ಶುಗರ್ ಎರಡೂ ಇವೆ. ವರ್ಷಗಟ್ಟಲೆ ಒಂದು ಕ್ಲಿನಿಕ್ಕಿಗೆ ಹೋಗುತ್ತಿದ್ದರು. ಹೆಸರು ಬೇಡ. ಒಳ್ಳೆ ಜನ, ನಗುನಗುತ್ತಾ ಮಾತಾಡಿಸುತ್ತಿದ್ದರು. ಅಮ್ಮನಿಗೆ ಅವರೆಂದರೆ ಬಹಳ ಇಷ್ಟ. ಡಿಸೆಂಬರಿನ ಒಂದು ಬೆಳಿಗ್ಗೆ ನಾನೂ ಜೊತೆಗೆ ಹೋಗಿದ್ದೆ. ಟೋಕನ್ ಬಂದ ತಕ್ಷಣ ಅಮ್ಮ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತರು. ಕಾಂಪೌಂಡರ್ ಸ್ವೆಟರಿನ ತೋಳಿನ ಮೇಲೇ ಪಟ್ಟಿ ಸುತ್ತಿ ಗಾಳಿ ತುಂಬಿದ. ಅಮ್ಮ ಅವನ ಹತ್ತಿರ ಮಗಳ ಮದುವೆ ಏನಾಯಿತು ಅಂತ ಕೇಳುತ್ತಲೇ ಇದ್ದರು. ಅವನೂ ಹೇಳುತ್ತಲೇ ಇದ್ದ. "ಬಿಪಿ ಜಾಸ್ತಿ ಇದೆ ಸಾರ್" ಅಂತ ಕೂಗಿದ. ಡಾಕ್ಟರ್ ಇನ್ನೊಂದು ಮಾತ್ರೆ ಸೇರಿಸಿದರು. ಎರಡು ನಿಮಿಷ ಕೂಡ ಆಗಿರಲಿಲ್ಲ.

ಅಮ್ಮ ಆ ಹೊಸ ಮಾತ್ರೆ ತಗೊಂಡ ಮೇಲೆ ಎದ್ದು ನಿಂತರೆ ತಲೆ ಸುತ್ತುತ್ತದೆ ಅನ್ನಲು ಶುರು ಮಾಡಿದರು. ಬಚ್ಚಲುಮನೆಯಲ್ಲಿ ಒಮ್ಮೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಆಗ ಪರಿಚಯದವರೊಬ್ಬರು ಹೇಳಿದ ಇನ್ನೊಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಸಣ್ಣ ಜಾಗ. ಅಂಥ ರಶ್ಶೂ ಇರಲಿಲ್ಲ. ಅಲ್ಲಿನ ಡಾಕ್ಟರಮ್ಮ ಮೊದಲು ಅಮ್ಮನನ್ನು ಬೆನ್ನು ಒರಗುವ ಕುರ್ಚಿಯಲ್ಲಿ ಕೂರಿಸಿದರು. "ಅಮ್ಮಾ, ಸ್ವೆಟರ್ ತೆಗೀರಿ. ಕಾಲು ನೆಲಕ್ಕೆ ಊರಿ, ಒಂದರ ಮೇಲೊಂದು ಹಾಕ್ಬೇಡಿ. ಐದು ನಿಮಿಷ ಸುಮ್ನೆ ಕೂತಿರಿ, ಆಮೇಲೆ ಬೇಕಾದಷ್ಟು ಮಾತಾಡೋಣ" ಅಂದರು. ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಡಿಸಿದರು. ಬೆಳಿಗ್ಗೆ ಕಾಫಿ ಕುಡಿದು ಎಷ್ಟು ಹೊತ್ತಾಯಿತು ಅಂತ ಕೇಳಿದರು. ಒಂದು ಸಲ ನೋಡಿ, ಸ್ವಲ್ಪ ಬಿಟ್ಟು ಮತ್ತೆ ನೋಡಿದರು. ನಿಲ್ಲಿಸಿ ಇನ್ನೊಮ್ಮೆ ನೋಡಿದರು. ಸೇರಿಸಿದ್ದ ಮಾತ್ರೆ ಬೇಕಿರಲಿಲ್ಲ.

ಬಿಪಿ ನೋಡುವಾಗ ಮಾತಾಡಿದರೆ, ಕಾಲ ಮೇಲೆ ಕಾಲು ಹಾಕಿದರೆ, ಕೈ ಜೋತುಬಿದ್ದರೆ, ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಅಂಕಿ ಏರುತ್ತದೆ. ಮಾತಿನಿಂದಲೇ ಹತ್ತರಷ್ಟು ಏರಬಹುದು. 140ರ ಆಸುಪಾಸಿನಲ್ಲಿ ಇರುವವರಿಗೆ ಮಾತ್ರೆ ಬೇಕಾ ಬೇಡವಾ ಅನ್ನುವುದನ್ನು ಆ ಹತ್ತೇ ತೀರ್ಮಾನ ಮಾಡುತ್ತದೆ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ದೊಡ್ಡ ಓದೂ ಬೇಕಿಲ್ಲ. ಒಂದು ಕುರ್ಚಿ ಬೇಕು, ಐದು ನಿಮಿಷ ಬೇಕು.

ಆಮೇಲೆ ಆ ಡಾಕ್ಟರಮ್ಮ ಮಾಡಿದ್ದು ಅಮ್ಮನಿಗೆ ಸಂಕೋಚ ತಂದಿತು. ಚಪ್ಪಲಿ, ಕಾಲುಚೀಲ ಬಿಚ್ಚಲು ಹೇಳಿದರು. "ಅಯ್ಯೋ ಬೇಡಿ ಮೇಡಂ, ಕಾಲು ಕೊಳೆ ಇದೆ" ಅಂತ ಅಮ್ಮ ಕಾಲು ಹಿಂದೆ ಎಳೆದುಕೊಂಡರು. ಅವರು ಕೇಳಲಿಲ್ಲ. ಮೊಣಕಾಲೂರಿ ಕೂತು ಬೆರಳ ಸಂದುಗಳನ್ನು ಬಿಡಿಸಿ ನೋಡಿದರು. ಹಿಮ್ಮಡಿಯ ಬಿರುಕು ಮುಟ್ಟಿ ನೋಡಿದರು. ಒಂದು ಪೆನ್ನಿನಂಥದ್ದರ ತುದಿಯಲ್ಲಿ ನೈಲಾನ್ ಎಳೆ ಇತ್ತು. ಅಮ್ಮನಿಗೆ ಕಣ್ಣು ಮುಚ್ಚಲು ಹೇಳಿ ಆ ಎಳೆಯನ್ನು ಅಂಗಾಲಿನ ಬೇರೆ ಬೇರೆ ಕಡೆ, ಅದು ಸ್ವಲ್ಪ ಬಾಗುವಷ್ಟು ಒತ್ತಿದರು. "ಗೊತ್ತಾದಾಗ ಹೂಂ ಅನ್ನಿ." ಅಮ್ಮ ಹೂಂ, ಹೂಂ ಅನ್ನುತ್ತಿದ್ದವರು ಎಡಗಾಲಿನ ಹೆಬ್ಬೆರಳ ಕೆಳಗೆ ಬಂದಾಗ ಸುಮ್ಮನಿದ್ದರು. ಎಳೆ ಅಲ್ಲಿ ಬಾಗಿ ನಿಂತಿರುವುದು ನನಗೆ ಕಾಣುತ್ತಿತ್ತು. ಅಮ್ಮನಿಗೆ ಗೊತ್ತಾಗಲಿಲ್ಲ. ಆ ಎಳೆ ಬಾಗುವಾಗ ಬೀಳುವುದು ಹತ್ತು ಗ್ರಾಂ ಭಾರ. ಅದು ಗೊತ್ತಾಗದ ಪಾದಕ್ಕೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ, ಗಾಯ ಕೊಳೆತ ಮೇಲೇ ಗೊತ್ತಾಗುವುದು.

ಇಷ್ಟು ವರ್ಷ ಶುಗರ್ ಇದ್ದರೂ ಅಮ್ಮನ ಪಾದವನ್ನು ಯಾರೂ ನೋಡಿರಲಿಲ್ಲ. ಪ್ರತಿ ಸಲ ರಕ್ತ ಪರೀಕ್ಷೆ ಮಾಡಿಸುತ್ತಿದ್ದರು, ಊಟಕ್ಕೆ ಮುಂಚೆ, ಊಟ ಆದಮೇಲೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಗೆ ಒಮ್ಮೆಯೂ ಬರೆದಿರಲಿಲ್ಲ. ವರ್ಷಕ್ಕೊಮ್ಮೆ ಮೂತ್ರದಲ್ಲಿ ಅಲ್ಬುಮಿನ್ ನೋಡಬೇಕು, ಕಿಡ್ನಿ ಕೆಡುವುದು ಮೊದಲು ಅಲ್ಲಿ ಗೊತ್ತಾಗುತ್ತದೆ. ಅದೂ ಆಗಿರಲಿಲ್ಲ. ಅಮ್ಮ ಇವತ್ತಿಗೂ ಹಳೇ ಡಾಕ್ಟರನ್ನೇ ಹೊಗಳುತ್ತಾರೆ. ನಾನು ಅದಕ್ಕೆ ಎದುರು ಮಾತಾಡುವುದಿಲ್ಲ. ಪ್ರೀತಿಯಿಂದ ಮಾತಾಡಿಸುವುದೂ ಚಿಕಿತ್ಸೆಯ ಒಂದು ಭಾಗವೇ. ಅದು ಇದ್ದು, ಪಾದ ನೋಡುವುದೂ ಇರಬೇಕಿತ್ತು.

ನನ್ನ ತೀರ್ಮಾನ ಇಷ್ಟು: ಜ್ವರದ ದಿನ ಕ್ಲಿನಿಕ್ಕಿನ ಗುಣ ಗೊತ್ತಾಗುವುದಿಲ್ಲ. ಏನೂ ತೊಂದರೆ ಇಲ್ಲ, ಸುಮ್ಮನೆ ಮಾತ್ರೆ ಬರೆಸಿಕೊಂಡು ಬರೋಣ ಅಂತ ಹೋಗುತ್ತೇವಲ್ಲ, ಆ ದಿನ ಗೊತ್ತಾಗುತ್ತದೆ.

"ಗ್ಯಾಸ್ಟ್ರಿಕ್ ಇರ್ಬೇಕು"

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನದ ಹೆಸರು ಹೇಳಿದರೆ ಸಾಕು, ಹೊರಗಿನವರು ಹಾರ್ಟ್ ಅಟ್ಯಾಕ್ ಅನ್ನುತ್ತಿದ್ದರು. ಚಿಕ್ಕ ವಯಸ್ಸಿನವರು ಇದ್ದಕ್ಕಿದ್ದಂತೆ ತೀರಿಕೊಂಡ ಸುದ್ದಿ ದಿನಾ ಟಿವಿಯಲ್ಲಿ. ಜನ ಭಯಬಿದ್ದು ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಕ್ಯೂ ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಜಿಲ್ಲೆಯಲ್ಲಿ ಹೃದಯದ ಸಾವುಗಳು ಅಸಹಜವಾಗಿ ಏರಿಲ್ಲ ಅಂತ ಆ ಸಮಿತಿ ವರದಿ ಕೊಟ್ಟಿತು. ಟಿವಿಯವರು ಮುಂದಿನ ಸುದ್ದಿಗೆ ಹೋದರು.

ಆ ಗದ್ದಲದಲ್ಲಿ ಎಲ್ಲರೂ ಕೇಳಿದ್ದು ನನ್ನ ಹೃದಯ ಸರಿ ಇದೆಯಾ ಅಂತ. ನಮ್ಮ ಬೀದಿಯ ಕ್ಲಿನಿಕ್ ಎದೆ ನೋವು ಅಂತ ಹೋದವರಿಗೆ ಏನು ಮಾಡುತ್ತದೆ ಅಂತ ಯಾರೂ ಕೇಳಲಿಲ್ಲ. ನನಗೆ ಅದೇ ದೊಡ್ಡ ಪ್ರಶ್ನೆ. ಎದೆ ನೋವಿನವರು ಬಾಗಿಲು ದಾಟಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ಎಲ್ಲ ಕಡೆ ಒಪ್ಪಿರುವ ನಿಯಮ. ಇಸಿಜಿ ಯಂತ್ರ ಇಲ್ಲದ ಕ್ಲಿನಿಕ್ಕೂ ಒಳ್ಳೆಯ ಕ್ಲಿನಿಕ್ಕೇ ಆಗಬಹುದು. ಆದರೆ ಅಲ್ಲಿ ಟೋಕನ್ ಪ್ರಕಾರ ಕೂರಿಸದೆ ಮೊದಲೇ ಒಳಗೆ ಕರೆಯಬೇಕು, ಆಸ್ಪಿರಿನ್ ಅಗಿಯಲು ಕೊಡುವುದು ಯಾವಾಗ ಅಂತ ಗೊತ್ತಿರಬೇಕು, ತಡಮಾಡದೆ ಆಂಬುಲೆನ್ಸಿಗೆ ಫೋನ್ ಮಾಡಬೇಕು. ಹಾಗಲ್ಲದೆ "ಗ್ಯಾಸ್ಟ್ರಿಕ್ ಇರ್ಬೇಕು" ಅಂತ ಒಂದು ಇಂಜೆಕ್ಷನ್ ಹಾಕಿ, ಮನೆಗೆ ಹೋಗಿ ಮಲಗಿ ಅಂದರೆ, ಹೃದಯದ ಸ್ನಾಯು ಸಾಯುತ್ತಿರುವ ಗಂಟೆಗಳು ಮನೆಯ ಮಂಚದ ಮೇಲೆ ಕಳೆದುಹೋಗುತ್ತವೆ.

ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸುತ್ತಾರೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನನ್ನು ಅಲ್ಲೇ ಉಚಿತವಾಗಿ ಹಾಕುತ್ತಾರೆ. ಹೊರಗೆ ಕೊಂಡರೆ ಸಾವಿರಾರು ರೂಪಾಯಿಯ ಔಷಧಿ ಅದು. ಸಕಲೇಶಪುರದ ಎಸ್ಟೇಟಿನಲ್ಲಿ ಕೆಲಸ ಮಾಡುವವರಿಗೆ ಹಾಸನಕ್ಕೆ ಬರುವ ದಾರಿಯೇ ಒಂದು ಗಂಟೆ ತಿನ್ನುತ್ತದೆ. ಹತ್ತಿರದ ಖಾಸಗಿ ಕ್ಲಿನಿಕ್ಕಿನವರಿಗೆ ಈ ವ್ಯವಸ್ಥೆ ಇದೆ ಅಂತ ಗೊತ್ತಿದ್ದು, "ನನ್ನ ಹತ್ರ ಬೇಡ, ತಾಲ್ಲೂಕಾಸ್ಪತ್ರೆಗೆ ಹೋಗಿ" ಅಂದರೆ ಅದಕ್ಕಿಂತ ದೊಡ್ಡ ಚಿಕಿತ್ಸೆ ಇನ್ನೊಂದಿಲ್ಲ. ಆದರೆ ನಮ್ಮ ಕಡೆ ಇದನ್ನು "ಕೈ ಎತ್ತಿಬಿಟ್ರು" ಅಂತ ಕರೆಯುತ್ತೇವೆ.

ರಶ್ಶು ಮತ್ತು ಬೋರ್ಡು

ಡಾಕ್ಟರುಗಳ ಕಡೆಯಿಂದಲೂ ನೋಡಬೇಕು. ಸಾಲಗಾಮೆ ರಸ್ತೆಯ ಕ್ಲಿನಿಕ್ಕುಗಳ ಮುಂದೆ ಸಂಜೆ ಹೊತ್ತು ನಿಂತು ನೋಡಿ. ಬೆಂಚು ತುಂಬಿ, ಮೆಟ್ಟಿಲು ತುಂಬಿ, ಸ್ಕೂಟರುಗಳ ಮೇಲೂ ಜನ ಕೂತಿರುತ್ತಾರೆ. 67 ದೇಶಗಳ ಲೆಕ್ಕ ಹಾಕಿದ 2017ರ ಒಂದು ಅಧ್ಯಯನದ ಪ್ರಕಾರ ಸ್ವೀಡನ್ನಿನಲ್ಲಿ ಒಬ್ಬ ರೋಗಿಗೆ ಸಿಗುವುದು ಸರಾಸರಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡ್. ನಮ್ಮ ದೇಶ ಎರಡು ನಿಮಿಷದ ಆಸುಪಾಸಿನಲ್ಲಿದೆ. ಇಷ್ಟರಲ್ಲಿ ಯಾರು ತಾನೇ ಪಾದ ನೋಡಿಯಾರು?

ಆದರೂ ಪೂರ್ತಿ ತಪ್ಪನ್ನು ಸಮಯದ ಮೇಲೆ ಹಾಕಲು ನನಗೆ ಒಪ್ಪಿಗೆ ಇಲ್ಲ. ಮಧ್ಯಪ್ರದೇಶದ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞ ಜಿಷ್ಣು ದಾಸ್ ಮತ್ತು ಜೊತೆಯವರು ತರಬೇತಿ ಕೊಟ್ಟ ಜನರನ್ನು ರೋಗಿಗಳ ಹಾಗೆ ಕಳಿಸಿ ನೋಡಿದ್ದರು. 2012ರಲ್ಲಿ ಅದು ಪ್ರಕಟವಾಯಿತು. ಕೇಳಲೇಬೇಕಾದ ಪ್ರಶ್ನೆ, ಮಾಡಲೇಬೇಕಾದ ಪರೀಕ್ಷೆಗಳಲ್ಲಿ ಮೂರನೇ ಒಂದು ಭಾಗ ಮಾತ್ರ ಆಗಿತ್ತು. ಇದೇ ಸಾಲಿನ ಬೇರೆ ಅಧ್ಯಯನಗಳಲ್ಲಿ ಕಂಡ ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. ಪ್ರಶ್ನೆ ಕೇಳಿದರೆ ಡಾಕ್ಟರುಗಳು ಸರಿ ಉತ್ತರ ಹೇಳುತ್ತಾರೆ, ರೋಗಿ ಎದುರಿಗೆ ಕೂತಾಗ ಅಷ್ಟನ್ನು ಮಾಡುವುದಿಲ್ಲ. ಅಂದರೆ ಗೊತ್ತಿಲ್ಲ ಅಂತಲ್ಲ. ನಾವು ಕೇಳುವುದಿಲ್ಲ, ಅವರು ಮಾಡುವುದಿಲ್ಲ. ಸೂಜಿ ಕೇಳುವಷ್ಟು ಗಟ್ಟಿಯಾಗಿ ನಾವು "ಸಾರ್, ಸ್ವೆಟರ್ ತೆಗೀಲಾ?" ಅಂತ ಕೇಳಿದರೆ ಸ್ವಲ್ಪವಾದರೂ ಬದಲಾಗುತ್ತದೆ ಅನ್ನುವ ನಂಬಿಕೆ ನನಗಿದೆ.

ಬೋರ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಖಾಸಗಿ ಕ್ಲಿನಿಕ್ಕುಗಳಿಗೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆ ಇದೆ. ನೋಂದಣಿ ನಂಬರ್ ಕಾಣುವ ಹಾಗೆ ಹಾಕಬೇಕು, ದರಪಟ್ಟಿ ಹಾಕಬೇಕು. ಅಲೋಪತಿಗೆ ನೀಲಿ ಬೋರ್ಡು, ಆಯುರ್ವೇದಕ್ಕೆ ಹಸಿರು ಬೋರ್ಡು ಅಂತ ನಂತರ ಆದೇಶವೂ ಬಂತು. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಬೋರ್ಡು ಇಲ್ಲದ ಕಡೆ ಹೋಗದೇ ಇರುವುದು ಒಳ್ಳೆಯದು. ಬೋರ್ಡು ಇದ್ದ ಮಾತ್ರಕ್ಕೆ ಒಳಗೆ ಏನು ನಡೆಯುತ್ತದೆ ಅಂತ ಅದು ಹೇಳುವುದಿಲ್ಲ.

ನೋಟ್‌ಬುಕ್ಕು

ನನಗೆ ಕೊನೆಗೆ ಬಹಳ ಮುಖ್ಯ ಅನ್ನಿಸಿದ್ದು ಬರವಣಿಗೆ. ಹಳೇ ಕ್ಲಿನಿಕ್ಕಿನ ಅಮ್ಮನ ಚೀಟಿಗಳೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿದ್ದವು. ತೆಗೆದು ನೋಡಿದರೆ ಮಾತ್ರೆಗಳ ಹೆಸರು ಬಿಟ್ಟು ಬೇರೇನೂ ಇಲ್ಲ. ಯಾಕೆ ಕೊಟ್ಟರು, ಅವತ್ತು ಬಿಪಿ ಎಷ್ಟಿತ್ತು, ಮುಂದೆ ಏನು ನೋಡಬೇಕು, ಯಾವುದೂ ಇಲ್ಲ. ಅಕ್ಷರ ಮೆಡಿಕಲ್ ಸ್ಟೋರಿನ ಹುಡುಗನಿಗೆ ಮಾತ್ರ ಅರ್ಥವಾಗುವಂಥದ್ದು. ಔಷಧಿಯ ಹೆಸರು ಓದಲು ಬರುವ ಹಾಗೆ, ಸಾಧ್ಯವಾದರೆ ದೊಡ್ಡ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು ಅಂತ 2016ರಲ್ಲೇ ವೈದ್ಯಕೀಯ ಮಂಡಳಿ ನಿಯಮ ಮಾಡಿದೆ. ಆಸ್ಪತ್ರೆಯ ದಾಖಲೆ ಬೇಕೆಂದು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅನ್ನುವುದು ಅದಕ್ಕಿಂತ ಹಳೆಯ ನಿಯಮ. ಹೀಗೆ ಕೇಳಬಹುದು ಅಂತ ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ.

ಹೊಸ ಡಾಕ್ಟರಮ್ಮ ಒಂದು 200 ಪುಟದ ನೋಟ್‌ಬುಕ್ ತರಲು ಹೇಳಿದರು. ಪ್ರತಿ ಸಲ ಒಂದು ಪುಟ. ಮೇಲೆ ತಾರೀಖು, ತೂಕ, ಬಿಪಿ. ಆಮೇಲೆ ಅಮ್ಮ ಹೇಳಿದ ತೊಂದರೆ, ಅಮ್ಮನದೇ ಮಾತಿನಲ್ಲಿ. ಯಾವ ಮಾತ್ರೆ ಯಾತಕ್ಕೆ. ನಿಲ್ಲಿಸಿದ್ದು ಯಾವುದು, ಯಾಕೆ. ಕೊನೆಗೆ ಮುಂದಿನ ಸಲ ಏನು ನೋಡಬೇಕು ಅನ್ನುವ ಒಂದು ಸಾಲು. ಬೆಂಗಳೂರಿನಲ್ಲಿರುವ ತಮ್ಮನಿಗೆ ಆ ಪುಟದ ಫೋಟೋ ವಾಟ್ಸಾಪಿನಲ್ಲಿ ಕಳಿಸುತ್ತೇನೆ, ಅವನಿಗೂ ಅರ್ಥವಾಗುತ್ತದೆ. ರಾತ್ರಿ ಹೊತ್ತು ಏನಾದರೂ ಆಗಿ ದೊಡ್ಡಾಸ್ಪತ್ರೆಗೆ ಓಡಿದರೂ ಅಲ್ಲಿನ ಡ್ಯೂಟಿ ಡಾಕ್ಟರ್ ಐದು ನಿಮಿಷದಲ್ಲಿ ಅಮ್ಮನ ಕಥೆ ಓದಿಕೊಳ್ಳಬಹುದು. ಅಲ್ಲಿ ಹೊಸಬರ ಮುಂದೆ ಅಮ್ಮನಿಗೆ ಮಾತೇ ಹೊರಡುವುದಿಲ್ಲ, ಕೇಳಿದ್ದಕ್ಕೆಲ್ಲ "ಹೂಂ ಸಾರ್" ಅನ್ನುತ್ತಾರೆ.

ಪೋಸ್ಟ್ ಹಾಕುವ ಮುಂಚೆ ನೋಟ್‌ಬುಕ್ ತೆಗೆದು ನೋಡಿದೆ. ಕಳೆದ ಸಲದ ಪುಟದ ಕೊನೆಯ ಸಾಲಿನಲ್ಲಿ "ಕಣ್ಣಿನ ಹಿಂಪರದೆ ಪರೀಕ್ಷೆ, ವರ್ಷಕ್ಕೊಮ್ಮೆ, ಇನ್ನೂ ಆಗಿಲ್ಲ" ಅಂತ ಬರೆದಿದ್ದಾರೆ. ಕಣ್ಣಿಗೆ ಔಷಧಿ ಬಿಟ್ಟು ಪಾಪೆ ದೊಡ್ಡದು ಮಾಡಿ ನೋಡುತ್ತಾರೆ, ಕೆಲವು ಗಂಟೆ ಮಂಜು ಮಂಜಾಗಿರುತ್ತದೆ, ಜೊತೆಗೆ ಯಾರಾದರೂ ಇರಬೇಕು. ಸೋಮವಾರ ರಜೆ ಹಾಕಿದ್ದೇನೆ. ಹಾಸನದಲ್ಲಿ ಈ ಪರೀಕ್ಷೆ ಮಾಡಿಸಿದವರು ಯಾರಾದರೂ ಇದ್ದರೆ, ಎಷ್ಟು ಹೊತ್ತು ಹಿಡಿಯಿತು, ಏನು ಕಂಡಿತು ಅಂತ ಬಿಡಿಸಿ ಹೇಳಿದರಾ, ಬರೆದು ಕೊಟ್ಟರಾ, ದಯವಿಟ್ಟು ತಿಳಿಸಿ.